ದೆಮೆತೆರನ ಹೆಸರಿನ ಹಬ್ಬ

ಬೊಕ್ರೋಶ್ ದೆಜೊ ನೀರು ಸರಬರಾಜು ಕಚೇರಿಯ ನೌಕರ ಎಂದು ನಮ್ಮೂರು ನಂಬಿದೆ ಎಂದುಕೊಂಡಿದ್ದವನು ಒಬ್ಬನೇ, ಸ್ವತಃ ದೆಜೊ. ಉಳಿದವರಿಗೆಲ್ಲ ಅವನು ಗುಪ್ತ ಪೊಲೀಸಿನವನೆಂದು ಚೆನ್ನಾಗಿ ಗೊತ್ತಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಊರಿಗೆ ಕಾಣುವುದಿಲ್ಲವೇ? ಆದರೂ ಅವನ ಮುಖ ನೋಡಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹಾಗಂತ ಸುಮ್ಮನೆಯೂ ಬಿಡಲಿಲ್ಲ. 'ನೀರಿನ ದೆಜೊ' ಎಂದು ಹೆಸರಿಟ್ಟರು. ಯಾರ ಮನೆಯ ನಲ್ಲಿ ಸೋರಿದರೂ ಅವನ ಬಾಗಿಲು ತಟ್ಟಿದರು.

"ದೆಜೊ, ನಮ್ಮ ಗೋಡೆಯೊಳಗೆ ನಿಮ್ಮ ಇಲಾಖೆ ನೀರು ಏನೋ ಗುಸುಗುಸು ಅಂತಿದೆ. ಸ್ವಲ್ಪ ಬಂದು ಕಿವಿಗೊಟ್ಟು ಕೇಳ್ತೀಯಾ? ನಿಂಗೆ ಅಭ್ಯಾಸ ಇರೋ ಕೆಲಸ ತಾನೇ!"

ಅವನು ಕಿವಿ ಕೆಂಪಗೆ ಮಾಡಿಕೊಂಡು ಹೋಗುತ್ತಿದ್ದ. ಮೊದಲ ಎರಡು ವರ್ಷ ಏನೂ ತಿಳಿಯದೆ ಪೈಪಿನ ಮುಂದೆ ತಲೆ ಕೆರೆದುಕೊಂಡ. ಆಮೇಲೆ ನಾಚಿಕೆಯಾಗಿ ಒಂದು ಪುಸ್ತಕ ಕೊಂಡ, ಒಂದು ಸ್ಪ್ಯಾನರ್ ಕೊಂಡ, ಒಂದು ಚರ್ಮದ ಚೀಲ ಕೊಂಡ. ಹತ್ತು ವರ್ಷದಲ್ಲಿ ತೀಸಾ ನದಿಯ ಈ ದಡದಲ್ಲಿ ಅವನಂಥ ನಲ್ಲಿ ರಿಪೇರಿಯವನು ಇನ್ನೊಬ್ಬ ಇರಲಿಲ್ಲ. ಇಪ್ಪತ್ತೇಳು ವರ್ಷದ ಸೇವೆಯಲ್ಲಿ ಅವನು ಊರಿಗೆ ಮಾಡಿದ ಉಪಕಾರ ಅದೊಂದೇ ಎನ್ನುವವರಿದ್ದಾರೆ. ಅದು ಪೂರ್ತಿ ಸುಳ್ಳೂ ಅಲ್ಲ.

ಅವನನ್ನು ಆ ಕೆಲಸಕ್ಕೆ ತೆಗೆದುಕೊಂಡದ್ದು ಕೈಬರಹ ಚೆನ್ನಾಗಿದೆ ಎಂದು. ಅಗಸಗಿತ್ತಿಯ ಮಗ, ಅಪ್ಪನಿಲ್ಲದವನು, ಇಪ್ಪತ್ನಾಲ್ಕು ವಯಸ್ಸು. ಸರಕಾರಿ ಕೋಟು ಸಿಕ್ಕಿದ್ದೇ ಸ್ವರ್ಗ ಎಂದುಕೊಂಡ. ಆದರೆ ಅವನ ತಾಯಿ ಅವನಿಗೆ ಕಲಿಸಿದ್ದ ಒಂದು ಚಟ ಆ ಕೆಲಸಕ್ಕೆ ಹೊಂದುವಂಥದ್ದಲ್ಲ. ನಮ್ಮ ಪಂಚಾಂಗದಲ್ಲಿ ದಿನಕ್ಕೊಂದು ಹೆಸರಿದೆಯಲ್ಲ, ಆ ಹೆಸರಿನವರಿಗೆಲ್ಲ ಅಂದು ಹಬ್ಬ, ಅವಳಿಗೆ ಅದಷ್ಟೂ ಬಾಯಿಪಾಠ. ಹುಟ್ಟಿದಹಬ್ಬ ಮನೆಯವರದು, ಹೆಸರಿನ ಹಬ್ಬ ಬೀದಿಯವರದು ಎನ್ನುತ್ತಿದ್ದಳು. "ಹೆಸರಿನ ಹಬ್ಬಕ್ಕೆ ಯಾರೂ ಹರಸದ ಮನುಷ್ಯ ಬದುಕಿದ್ದೂ ಸತ್ತ ಹಾಗೆ ಕಣೋ ದೆಜೊ. ಯಾರನ್ನೂ ಸಾಯಿಸ್ಬೇಡ." ಮಗ ಅದನ್ನು ವೇದವಾಕ್ಯ ಮಾಡಿಕೊಂಡ. ಕೆಲಸಕ್ಕೆ ಸೇರಿದ ಮೊದಲ ನವೆಂಬರಿನಲ್ಲಿ ಕೆಲೆಮೆನ್ ಎಂಬ ಗಡಿಯಾರದವನನ್ನು ಗುಟ್ಟಾಗಿ ಹಿಂಬಾಲಿಸಲು ಕಳಿಸಿದರು. ಆವತ್ತು ಕೆಲೆಮೆನನ ಹಬ್ಬ. ಮರದ ಮರೆಯಲ್ಲಿ ನಿಂತು ಒಂದು ಗಂಟೆ ತಡೆದುಕೊಂಡ. ಕೊನೆಗೆ ಆಗದೆ ರಸ್ತೆ ದಾಟಿ ಹೋಗಿ ಕೈ ಕುಲುಕಿ ಹರಸಿ ಬಂದ. ಹಿಂಬಾಲಿಕೆ ಅಲ್ಲಿಗೇ ಮುಗಿಯಿತು. ಲೆಫ್ಟಿನೆಂಟ್ ಆಗಿ ಸೇರಿದವನು ಹನ್ನೆರಡು ವರ್ಷ ಲೆಫ್ಟಿನೆಂಟ್ ಆಗಿಯೇ ಉಳಿದ.

ವೆನ್ಸೆಲ್ ಮೇಷ್ಟ್ರು ಅವನ ಕೈಗೆ ಬಂದದ್ದು ಸಾವಿರದ ಒಂಬೈನೂರ ಅರುವತ್ತೇಳರಲ್ಲಿ. ಮೇಷ್ಟ್ರು ಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದರು. ಭಾನುವಾರ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದರು, ಹಾಡುವವರ ತಂಡಕ್ಕೆ ಪಾಠ ಹೇಳುತ್ತಿದ್ದರು. ಸರಕಾರದ ಸಂಬಳ ತಿನ್ನುವವನು ದೇವರಿಗೆ ಬಾಜಾ ನುಡಿಸಬಾರದೆಂದು ಮೇಲಿನವರಿಗೆ ಸಿಟ್ಟು. ದೆಜೊನನ್ನು ಕಳಿಸಿದರು. ಅವನು ಹೋಗಿ, ಟೋಪಿ ಕೈಯಲ್ಲಿ ಹಿಡಿದು, ಹೇಳಿಕೊಟ್ಟ ಮಾತನ್ನು ಒಪ್ಪಿಸಿದ: ಎರಡೂ ಕೆಲಸ ಉಳಿಯಬೇಕಾದರೆ ಹದಿನೈದು ದಿನಕ್ಕೊಮ್ಮೆ, ಗುರುವಾರ, ಒಂದು ಲೋಟ ಕಾಫಿ ಕುಡಿಯಬೇಕು, ಊರಿನ ಸಮಾಚಾರ ಹೇಳಬೇಕು.

ಮೇಷ್ಟ್ರು ಸ್ವರದ ಪುಸ್ತಕ ಮುಚ್ಚಿಟ್ಟರು. "ಕಾಫಿ ಚೆನ್ನಾಗಿರುತ್ತಾ?" ಎಂದರು.

"ಗೊತ್ತಿಲ್ಲ ಮೇಷ್ಟ್ರೇ. ಈ ಕಾಫಿಗೆ ನಾನೂ ಹೊಸಬ."

ಹೀಗೆ ಮೇಷ್ಟ್ರು ಬಾತ್ಮೀದಾರರಾದರು. ಗುಟ್ಟಿನ ಹೆಸರು ಒಂದು ಬೇಕಿತ್ತು. ದೆಜೊ ದೆಮೆತೆರ್ ಎಂದು ಬರೆದ. ಭೇಟಿಗೆಂದು ಇಲಾಖೆ ಗೊತ್ತು ಮಾಡಿದ್ದು ಹೆರ್ಮಿನಾ ಎಂಬ ವಿಧವೆಯ ಮನೆಯ ಹಿಂದಿನ ಕೋಣೆಯನ್ನು. ಹೆರ್ಮಿನಾ ಬಿಸಿ ಪೊಗಾಚಾ ರೊಟ್ಟಿ ಸುಟ್ಟು ತಟ್ಟೆಯಲ್ಲಿಟ್ಟು, ಬಾಗಿಲು ಎಳೆದುಕೊಂಡು, ಪಕ್ಕದ ಮನೆಯಲ್ಲಿ ಇಸ್ಪೀಟು ಆಡಲು ಹೋಗುತ್ತಿದ್ದಳು.

ಮೇಷ್ಟ್ರು ಹೇಳುತ್ತಿದ್ದ ಸಮಾಚಾರ ದೇವರಿಗೇ ಪ್ರೀತಿ. ಆರ್ಗನ್ನಿನ ತಿದಿಯಲ್ಲಿ ಇಲಿ ಮರಿ ಹಾಕಿದ್ದು, ಜೇನು ಈ ಸಲ ಸಾಲದ್ದು, ತಮ್ಮ ಮೊಣಕಾಲು ಮಳೆಯ ಹಿಂದಿನ ದಿನವೇ ನೋಯುವುದು. ಯಾರ ಹೆಸರೂ ಬಾಯಿಗೆ ಬರದಂತೆ ಎರಡು ಗಂಟೆ ಮಾತಾಡುವುದು ಒಂದು ವಿದ್ಯೆ. ಮೇಷ್ಟ್ರಿಗೆ ಅದು ಕರಗತವಾಗಿತ್ತು. ದೆಜೊ ಬರೆದುಕೊಳ್ಳುತ್ತಿದ್ದ. ಬರೆಯುತ್ತ ಬರೆಯುತ್ತ ಪೆನ್ನು ಕೆಳಗಿಟ್ಟು ಕೇಳತೊಡಗಿದ. ಆಮೇಲೆ ಅವನೂ ಮಾತಾಡತೊಡಗಿದ. ಮದುವೆಯಾಗದವನು, ಇಲಾಖೆಯಲ್ಲಿ ಯಾರನ್ನೂ ನಂಬುವಂತಿಲ್ಲ, ಊರಿನಲ್ಲಿ ಅವನನ್ನು ಯಾರೂ ನಂಬುವುದಿಲ್ಲ. ತಾಯಿ ತೀರಿದಾಗ ಅವನು ಅತ್ತದ್ದು ಹೆರ್ಮಿನಾಳ ಹಿಂದಿನ ಕೋಣೆಯಲ್ಲಿ, ಮೇಷ್ಟ್ರ ಎದುರು. ಮೇಷ್ಟ್ರು ಎದ್ದು ಬಂದು ತಲೆ ಸವರಿದರು. ಬೆದರಿಸಿ ಕರೆತಂದವನ ತಲೆಯನ್ನು ಸವರಬಲ್ಲವರು ಲೋಕದಲ್ಲಿ ಎಷ್ಟು ಜನ ಇದ್ದಾರು? ಆವತ್ತಿನಿಂದ ಗುರುವಾರ ಎಂದರೆ ದೆಜೊಗೆ ಜೀವ.

ಪ್ರತಿ ಅಕ್ಟೋಬರ್ ಇಪ್ಪತ್ತಾರಕ್ಕೆ, ಅಂದರೆ ಪಂಚಾಂಗದ ಪ್ರಕಾರ ದೆಮೆತೆರನ ಹಬ್ಬಕ್ಕೆ, ಅವನು ಏಪ್ರಿಕಾಟ್ ಬ್ರಾಂದಿಯ ಚಿಕ್ಕ ಬಾಟಲಿ ತರುತ್ತಿದ್ದ. ಹೆಸರು ಇಟ್ಟವನು ತಾನೇ. ಹರಸದೆ ಬಿಟ್ಟರೆ ತಾಯಿ ಮಣ್ಣಿನೊಳಗಿಂದ ಬೈದಾಳು. ಮೊದಲ ಸಲ ಮೇಷ್ಟ್ರು ಬೆಪ್ಪಾಗಿ ನೋಡಿದರು. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಅಲ್ಲ ಕಣೋ, ಇಲ್ಲದೇ ಇರೋ ಮನುಷ್ಯನಿಗೆ ಹಬ್ಬ ಮಾಡ್ತಿದೀಯಲ್ಲೋ!"

"ಅವರು ನಂಗೆ ಇದಾರೆ ಮೇಷ್ಟ್ರೇ," ಎಂದ ದೆಜೊ.

ಕಷ್ಟ ಬಂದದ್ದು ಮೇಲಿನವರಿಂದ. ಎಪ್ಪತ್ನಾಲ್ಕರ ವಸಂತದಲ್ಲಿ ಜಿಲ್ಲಾ ಕಚೇರಿಯಿಂದ ಕಾಗದ ಬಂತು: ದೆಮೆತೆರ್ ಏಳು ವರ್ಷದಿಂದ ಉಪಯೋಗದ ಒಂದು ಮಾತೂ ಹೇಳಿಲ್ಲ, ಜೂನ್ ಒಳಗೆ ಏನೂ ಬರದಿದ್ದರೆ ಕಡತ ಮುಚ್ಚುವುದು. ಕಡತ ಮುಚ್ಚಿದರೆ ಗುರುವಾರ ಇಲ್ಲ. ದೆಜೊ ಆ ತಿಂಗಳ ವರದಿಯಲ್ಲಿ ಒಂದು ಸಾಲು ಸೇರಿಸಿದ. ಒಂದೇ ಸಾಲು. ಕಡತ ಬದುಕಿಕೊಂಡಿತು, ಜೊತೆಗೆ ಅವನಿಗೆ ಕ್ಯಾಪ್ಟನ್ ಪದವಿಯೂ ಬಂತು. ಆ ಸಾಲಿನ ವಿಷಯ ಮುಂದೆ ಬರುತ್ತದೆ.

ಹೀಗೆ ಇಪ್ಪತ್ತೆರಡು ವರ್ಷ. ಎಂಬತ್ತೊಂಬತ್ತರ ಅಕ್ಟೋಬರಿನಲ್ಲಿ ಮೇಷ್ಟ್ರು ಆಸ್ಪತ್ರೆ ಸೇರಿದರು. ಅದೇ ವಾರ, ಸೋಮವಾರ ಮಧ್ಯಾಹ್ನ, ರಾಜಧಾನಿಯಲ್ಲಿ ಜನತಾ ಗಣರಾಜ್ಯದ 'ಜನತಾ' ಉದುರಿ ಬರೀ ಗಣರಾಜ್ಯ ಉಳಿಯಿತು. ಇಲಾಖೆಯಲ್ಲಿ ಎಲ್ಲರೂ ಕಾಗದ ಹರಿದು ಗೋಣಿಚೀಲಕ್ಕೆ ತುಂಬುತ್ತಿದ್ದರು. ದೆಜೊಗೆ ಅದಾವುದೂ ತಲೆಗೆ ಹೋಗಲಿಲ್ಲ. ಗುರುವಾರ ಇಪ್ಪತ್ತಾರು. ಗುರುವಾರವೂ ಹೌದು, ದೆಮೆತೆರನ ಹಬ್ಬವೂ ಹೌದು, ಮೇಷ್ಟ್ರು ಬೇರೆ ಹಾಸಿಗೆ ಹಿಡಿದಿದ್ದಾರೆ. ಬಾತ್ಮೀದಾರನನ್ನು ನಾಲ್ಕು ಜನರ ಎದುರು ಭೇಟಿಯಾಗಬಾರದೆಂಬುದು ಆ ಕೆಲಸದ ಮೊದಲನೆಯ ಪಾಠ. ಅವನು ಸ್ಪ್ಯಾನರಿನ ಚೀಲ ಹೆಗಲಿಗೇರಿಸಿ, ಯಾರಾದರೂ ಕೇಳಿದರೆ ಆಸ್ಪತ್ರೆಯ ಬಿಸಿನೀರಿನ ಪೈಪು ನೋಡಲು ಬಂದೆ ಎನ್ನೋಣ ಎಂದು ಹೊರಟ. ಹೂವಿನಂಗಡಿಯಲ್ಲಿ ಸಮಾಧಿಗಿಡುವ ಸೇವಂತಿಗೆ ಬಿಟ್ಟು ಬೇರೇನಿರಲಿಲ್ಲ. ಅದನ್ನು ಕಾಯಿಲೆಯವರ ಮುಂದೆ ಹಿಡಿಯುವುದುಂಟೇ? ಸಂತೆಯಲ್ಲಿ ಸೇಬಿನಂತಿರುವ ನಾಲ್ಕು ಹಳದಿ ಬಿರ್ಶ್ ಹಣ್ಣು ಕೊಂಡ.

ವಾರ್ಡಿನಲ್ಲಿ ಆರು ಹಾಸಿಗೆ. ಕಿಟಕಿಯ ಪಕ್ಕದಲ್ಲಿ ಮೇಷ್ಟ್ರು, ದಿಂಬಿಗೊರಗಿ, ಅರ್ಧಕ್ಕರ್ಧ ಕರಗಿಹೋಗಿದ್ದರು. ಪಕ್ಕದಲ್ಲಿ ಅವರ ಹೆಂಡತಿ ಒತ್ತಿಲಿಯಮ್ಮ ಹೆಣಿಗೆ ಹಿಡಿದು ಕೂತಿದ್ದರು. ಮೇಷ್ಟ್ರು ದೆಜೊನನ್ನು ನೋಡಿ ಹುಬ್ಬೇರಿಸಿ, ಇಲ್ಲಿಗೇಕೆ ಬಂದೆ ಎನ್ನುವಂತೆ ಕಣ್ಣಲ್ಲೇ ಗದರಿ, ನಗು ತಡೆಯಲಾರದೆ ಹೇಳಿದರು, "ಬಾಪ್ಪಾ ನೀರಿನವನೇ. ನನ್ನ ಎದೇಲಿ ನೀರು ತುಂಬಿದೆಯಂತೆ. ನಿಮ್ಮ ಇಲಾಖೆದೇ ಇರ್ಬೇಕು, ನೋಡು."

ದೆಜೊ ಏನೋ ಪೈಪಿನ ಮಾತಾಡಬೇಕೆಂದಿದ್ದ. ಆದರೆ ಆ ಕೃಶವಾದ ಕೈ, ಕತ್ತಿನ ಸುತ್ತ ಸಡಿಲವಾದ ಅಂಗಿ ನೋಡಿದ್ದೇ ಪೈಪು ಮರೆತುಹೋಯಿತು. ಹಣ್ಣನ್ನು ಹಾಸಿಗೆಯ ಮೇಲಿಟ್ಟು, ಬಾಗಿ, ಎರಡೂ ಕೆನ್ನೆಗೆ ಮುತ್ತಿಟ್ಟ; ಇಪ್ಪತ್ತೆರಡು ವರ್ಷದ ಅಭ್ಯಾಸ ಬಾಯಿಂದ ತಾನಾಗಿ ಹೊರಬಿತ್ತು:

"ದೆಮೆತೆರ್ ಮೇಷ್ಟ್ರೇ, ಹೆಸರಿನ ಹಬ್ಬದ ಶುಭಾಶಯ. ದೇವರು ನಿಮ್ಮನ್ನ ನೂರ್ಕಾಲ ಇಟ್ಟಿರ್ಲಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಉಳಿದ ಐದೂ ಹಾಸಿಗೆ ಇತ್ತ ತಿರುಗಿದವು. ಗುಪ್ತ ಪೊಲೀಸಿನವನು ಬಂದು ಚರ್ಚಿನ ಮೇಷ್ಟ್ರನ್ನು ಬೇರೊಂದು ಹೆಸರಿನಿಂದ ಕರೆದು ಮುದ್ದಿಟ್ಟರೆ ಅದರ ಅರ್ಥ ಹೇಳಿಸಿಕೊಳ್ಳಬೇಕಾದವರು ನಮ್ಮೂರಲ್ಲಿ ಯಾರೂ ಇಲ್ಲ. ಬಾಗಿಲ ಪಕ್ಕದ ಹಾಸಿಗೆಯ ಮುದಿ ಕುರುಬ ಮೊಣಕೈಯೂರಿ ಎದ್ದ. "ದೆಮೆತೆರಾ? ಅವನು ನಮ್ಮ ಕುರಿ ಕಾಯೋರ ಸಂತ ಅಲ್ವೇನ್ರೀ! ಇವರು ವೆನ್ಸೆಲ್ ಮೇಷ್ಟ್ರು. ಇವರು ಯಾವಾಗ ಕುರಿ ಕಾಯೋಕ್ಕೆ ಹೋದ್ರು?"

ಮೇಷ್ಟ್ರ ಮುಖ ಸುಣ್ಣ ಬಳಿದಂತಾಯಿತು. ದೆಜೊ ಚೀಲದಲ್ಲಿ ಸ್ಪ್ಯಾನರ್ ತಡಕಾಡಿದ. ಒತ್ತಿಲಿಯಮ್ಮ ಹೆಣಿಗೆಯ ಒಂದು ಸಾಲು ಎಣಿಸಿ ಮುಗಿಸಿ ತಲೆಯೆತ್ತಿದರು.

"ಕಾಯದೇ ಏನು? ನಲ್ವತ್ತು ವರ್ಷ ನಿಮ್ಮಂಥ ಕುರಿಗಳಿಗೆಲ್ಲ ಸ್ವರ ಹಿಡಿಯೋದು ಕಲಿಸಿದ್ದಾರೆ. ದೆಮೆತೆರ್ ಅನ್ನೋದು ಚಿಕ್ಕಂದಲ್ಲಿ ಬಿಷಪ್ಪರು ಹಣೆಗೆ ಎಣ್ಣೆ ಹಚ್ಚುವಾಗ ಇಟ್ಟ ಹೆಸರು. ಇವರಿಗೇ ಮರ್ತು ಹೋಗಿತ್ತು. ಇವನ ತಾಯಿ ಇದ್ದಳಲ್ಲ, ಬಟ್ಟೆ ಒಗೀತಿದ್ದೋಳು, ಅವಳು ಯಾರ ಹೆಸರೂ ಮರೀತಿರ್ಲಿಲ್ಲ. ಮಗನಿಗೂ ಹೇಳಿ ಹೋಗಿದಾಳೆ. ಬಾ ದೆಜೊ, ಈ ಹಣ್ಣು ತೊಳ್ಕೊಂಡು ಬರೋಣ."

"ಓ, ಹಾಗೋ," ಎಂದು ಕುರುಬ ಮಲಗಿಕೊಂಡ. ಎಣ್ಣೆ ಹಚ್ಚಿಸಿಕೊಂಡ ಹೆಸರು ಎಲ್ಲರಿಗೂ ಒಂದೊಂದಿರುತ್ತದೆ. ಕುರುಬ ತನ್ನದು ಏನೆಂದು ನೆನಪಿಸಿಕೊಳ್ಳುವುದರಲ್ಲಿ ಬಿದ್ದ.

ಹೊರಗಿನ ಓಣಿಯಲ್ಲಿ ಒತ್ತಿಲಿಯಮ್ಮ ಹಣ್ಣನ್ನು ಒಂದೊಂದಾಗಿ ನಲ್ಲಿಯ ಕೆಳಗೆ ಹಿಡಿದರು. ಬಹಳ ಹೊತ್ತು ತೊಳೆದರು.

"ಗುರುವಾರದ ಹೆಸರು ದೆಮೆತೆರ್ ಅನ್ನು, ಹಾಗಾದ್ರೆ."

"ಒತ್ತಿಲಿಯಮ್ಮ, ನಾನು..."

"ಇಪ್ಪತ್ತೆರಡು ವರ್ಷ ಹದಿನೈದು ದಿನಕ್ಕೊಂದು ಸಲ ಮೈಮೇಲೆ ಬೆಣ್ಣೆ ರೊಟ್ಟಿ ವಾಸನೆ ಹೊತ್ಕೊಂಡು ನಗುನಗ್ತಾ ಮನೆಗೆ ಬರೋರು. ಯಾವುದೋ ಹೆಂಗಸು ಅಂದ್ಕೊಂಡಿದ್ದೆ. ಬೈದಿಲ್ಲ, ಕೇಳಿಲ್ಲ. ಹಾಳಾಗ್ಲಿ, ಸಂತೋಷವಾಗಿರ್ಲಿ ಅಂದ್ಕೊಂಡೆ." ಅವರು ನಲ್ಲಿ ನಿಲ್ಲಿಸಿದರು. "ಹೆಂಗಸೇ ಆಗಿದ್ದಿದ್ರೆ ಚೆನ್ನಾಗಿತ್ತು ದೆಜೊ."

ದೆಜೊ ತೊಳೆದ ಹಣ್ಣನ್ನು ಕೈಗೆ ತೆಗೆದುಕೊಂಡ.

"ಡಾಕ್ಟರು ಎರಡು ವಾರ ಅಂದಿದಾರೆ. ನಾಳೆ ಮನೆಗೆ ಕರ್ಕೊಂಡು ಹೋಗ್ತೀನಿ. ಐವತ್ತು ವರ್ಷ ಈ ಊರಿನ ಮದುವೆಗೆ, ಸಾವಿಗೆ ಅವರೇ ನುಡಿಸಿದ್ದು. ಅವರ ಪೆಟ್ಟಿಗೆ ಹಿಂದೆ ಊರೆಲ್ಲ ನಡೀಬೇಕು. ಅದಕ್ಕಿಂತ ಮುಂಚೆ ಆ ಹೆಸರು ಹೊರಗೆ ಬಿದ್ರೆ ಯಾರು ನಡೀತಾರೆ? ನಾನೊಬ್ಳು, ಮರೆಯಲ್ಲಿ ನೀನೊಬ್ಬ. ಕಾಗದ ಎಲ್ಲಿದೆ?"

"ಕಚೇರೀಲಿದೆ. ಮೂರು ಸಂಪುಟ."

"ಮೂರಾ!" ಎಂದರು ಒತ್ತಿಲಿಯಮ್ಮ. "ತಂದ್ಕೊಡು. ನೀನು ಅವರನ್ನ ಪ್ರೀತಿಸೋದು ನಿಜವಾಗಿದ್ರೆ ತಂದ್ಕೊಡು."

ಇಪ್ಪತ್ತೇಳು ವರ್ಷದಲ್ಲಿ ದೆಜೊ ಕಚೇರಿಯಿಂದ ಒಂದು ಗುಂಡುಸೂಜಿಯನ್ನೂ ಮನೆಗೆ ಒಯ್ದವನಲ್ಲ. ಶುಕ್ರವಾರ ಗೋಣಿಚೀಲಗಳ ನಡುವೆ ಮಂಡಿಯೂರಿ ದೆಮೆತೆರನ ಮೂರು ಸಂಪುಟ ಹುಡುಕಿ ತೆಗೆದ, ವೆನ್ಸೆಲ್ ಎಂಬವರೇ ದೆಮೆತೆರ್ ಎಂದು ಬರೆದಿದ್ದ ಚೀಟಿಯನ್ನೂ ಪೆಟ್ಟಿಗೆಯಿಂದ ಕಿತ್ತುಕೊಂಡ. ಚೀಟಿಯನ್ನು ಕೋಟಿನ ಜೇಬಿಗೆ, ಸಂಪುಟಗಳನ್ನು ಸ್ಪ್ಯಾನರಿನ ಚೀಲಕ್ಕೆ ತುಂಬಿಕೊಂಡು ಶನಿವಾರ ಮೇಷ್ಟ್ರ ಮನೆಗೆ ಹೊರಟರೆ ದಾರಿಯಲ್ಲಿ ಇಬ್ಬರು ನಿಲ್ಲಿಸಿ ಕೇಳಿದರು: "ಏನು ದೆಜೊ, ಸರಕಾರಾನೇ ಸೋರಿ ಹೋಯ್ತಲ್ಲ, ಇನ್ನೂ ರಿಪೇರಿ ಮಾಡ್ತಿದೀಯಾ?"

ಒತ್ತಿಲಿಯಮ್ಮ ಒಲೆ ಹೊತ್ತಿಸಿಟ್ಟು ಕಾಯುತ್ತಿದ್ದರು. ಮೊದಲ ಸಂಪುಟ ಕೈಗೆ ತೆಗೆದುಕೊಂಡು ಒಲೆಯ ಬಾಗಿಲು ತೆರೆದರೆ ಹಾಸಿಗೆಯಿಂದ ಮೇಷ್ಟ್ರು ಕೈಯೆತ್ತಿದರು.

"ಸ್ವಲ್ಪ ತಡಿಯೇ. ಇಷ್ಟೊಂದು ಏನು ಹೇಳಿದೀನಿ ಅಂತ ನಾನೂ ಕೇಳ್ತೀನಿ. ಓದೋ ದೆಜೊ."

ದೆಜೊ ಕನ್ನಡಕ ಹಾಕಿಕೊಂಡು ಓದಿದ. "ದೆಮೆತೆರ್ ತಿಳಿಸಿದಂತೆ, ಪಟ್ಟಣದಲ್ಲಿ ಜೇನಿನ ಪರಿಸ್ಥಿತಿ ತೃಪ್ತಿಕರವಾಗಿಲ್ಲ. ದೆಮೆತೆರ್ ತನ್ನ ಎಡ ಮೊಣಕಾಲಿನ ಕುರಿತು ತೀವ್ರ ಅಸಮಾಧಾನ ವ್ಯಕ್ತಪಡಿಸಿದರು. ಇದರ ಹಿಂದೆ ಸಂಘಟಿತ ಶಕ್ತಿಗಳ ಕೈವಾಡ ಕಂಡುಬಂದಿಲ್ಲ."

ಮೇಷ್ಟ್ರು ನಕ್ಕರು, ನಗು ಕೆಮ್ಮಾಯಿತು, ಕೆಮ್ಮು ಮತ್ತೆ ನಗುವಾಯಿತು. ಒತ್ತಿಲಿಯಮ್ಮನೂ ತಡೆಯಲಾರದೆ ಸೆರಗಿನಂತೆ ಏಪ್ರನ್ನಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು. "ಇಲಿ ವಿಷಯ ಓದು, ಇಲಿ ವಿಷಯ!" ದೆಜೊ ಇಲಿಯ ವಿಷಯ ಓದಿದ. "ಆರ್ಗನ್ ತಿದಿಯೊಳಗೆ ಅನಧಿಕೃತ ಐವರು ನೆಲೆಸಿದ್ದು..." ಮೂವರೂ ಕಣ್ಣೊರೆಸಿಕೊಂಡರು. ಓದಿದ ಹಾಳೆಗಳನ್ನು ಒತ್ತಿಲಿಯಮ್ಮ ಒಂದೊಂದೇ ಒಲೆಗೆ ಹಾಕಿದರು. ದೆಜೊನ ಬದುಕಿನಲ್ಲಿ ಅಷ್ಟು ಸುಖದ ಮಧ್ಯಾಹ್ನ ಇನ್ನೊಂದಿರಲಿಲ್ಲ. ಅವನ ಕೆಲಸವೆಲ್ಲ ಒಲೆಯಲ್ಲಿ ಉರಿಯುತ್ತಿತ್ತು, ಅವನು ಬೆಚ್ಚಗಿದ್ದ.

ಎರಡನೆಯ ಸಂಪುಟದ ನಡುವೆ ಅವನು ಒಂದು ಹಾಳೆ ಮಗುಚಿ ಮುಂದೆ ಓದಿದ.

"ನಿಲ್ಸು," ಎಂದರು ಮೇಷ್ಟ್ರು. "ಎರಡು ಪುಟ ಒಟ್ಟಿಗೆ ತಿರುಗಿಸ್ದೆ. ಐವತ್ತು ವರ್ಷ ಪುಟ ತಿರುವಿದವನಿಗೆ ಹಾಳೆ ಸದ್ದು ಗೊತ್ತಾಗಲ್ವೇನೋ? ಹಿಂದಕ್ಕೆ ಹೋಗು."

"ಅದರಲ್ಲಿ ಏನಿಲ್ಲ ಮೇಷ್ಟ್ರೇ."

"ಓದು."

ದೆಜೊ ಓದಿದ. "ಸಾವಿರದ ಒಂಬೈನೂರ ಎಪ್ಪತ್ನಾಲ್ಕು, ಮೇ. ದೆಮೆತೆರ್ ಖಚಿತವಾಗಿ ತಿಳಿಸಿದಂತೆ, ಹದಿನೆಂಟು ವರ್ಷದ ಶಿಪೋಶ್ ಎತೆಲ್ಕಾ ವಿಯೆನ್ನಾಗೆ ಹೋಗುವವಳಿದ್ದಾಳೆ."

ಎತೆಲ್ಕಾ ಮೇಷ್ಟ್ರ ಕೈಯಲ್ಲಿ ಬೆಳೆದ ಕಂಠ. ಅಂಥದ್ದು ಇನ್ನೊಂದು ಅವರಿಗೆ ಸಿಗಲಿಲ್ಲ. ಆ ವರ್ಷ ಅವಳು ರಾಜಧಾನಿಯ ಸಂಗೀತ ಕಾಲೇಜಿಗೆ ಅರ್ಜಿ ಹಾಕಿದ್ದಳು. 'ಕಂಠ ಸಾಲದು' ಎಂದು ಎರಡು ಸಾಲಿನ ಉತ್ತರ ಬಂತು. ಆಮೇಲೆ ಅವಳು ಹಾಡುವುದನ್ನೇ ಬಿಟ್ಟಳು. ಕೋಳಿ ಫಾರಂನಲ್ಲಿ ಮೊಟ್ಟೆಯನ್ನು ದೀಪಕ್ಕೆ ಹಿಡಿದು ನೋಡುವ ಕೆಲಸಕ್ಕೆ ಸೇರಿದಳು. ಆ ಕಾಲದಲ್ಲಿ 'ವಿಯೆನ್ನಾಗೆ ಹೋಗುವವಳು' ಎಂದು ಕಡತದಲ್ಲಿ ಬಿದ್ದರೆ ಗಡಿ ದಾಟಿ ಓಡಿಹೋಗುವವಳು ಎಂದೇ ಲೆಕ್ಕ. ಅಂಥವಳಿಗೆ ಯಾವ ಕಾಲೇಜು ಬಾಗಿಲು ತೆಗೆದೀತು?

ಮೇಷ್ಟ್ರು ದಿಂಬಿನಿಂದ ತಲೆಯೆತ್ತಿದರು. "ನಾನೇ ಹೇಳಿದ್ದು," ಎಂದರು. "ಹೆರ್ಮಿನಾ ಮನೇಲಿ. 'ಈ ಹುಡುಗಿ ಒಂದಿನ ವಿಯೆನ್ನಾಗೆ ಹೋಗ್ತಾಳೆ, ಬೇಕಾದ್ರೆ ಬರ್ದಿಟ್ಕೋ' ಅಂದೆ."

"ಬರ್ದಿಟ್ಕೊಂಡೆ," ಎಂದ ದೆಜೊ. "ನೀವು ಹೊಗಳಿದ್ದು ಅಂತ ಗೊತ್ತಿತ್ತು. ಓದೋರು ಹೇಗೆ ಓದ್ತಾರೆ ಅಂತಾನೂ ಗೊತ್ತಿತ್ತು. ಏನೂ ಕೊಡ್ದೇ ಇದ್ರೆ ಗುರುವಾರ ನಿಲ್ಲಿಸ್ತೀವಿ ಅಂದಿದ್ರು."

"ಅವಳಿಗೆ ಸೀಟು ಸಿಗ್ಲಿಲ್ಲ ಅಂತ ನಾನು ಬಂದು ಅತ್ತೆ. ಆವತ್ತು ರೊಟ್ಟಿಗೆ ಬೆಣ್ಣೆ ಹಚ್ಚಿಕೊಟ್ಟು ಸಮಾಧಾನ ಮಾಡಿದ್ದು ನೀನು."

"ಹೌದು ಮೇಷ್ಟ್ರೇ."

ಒತ್ತಿಲಿಯಮ್ಮ ಅವನ ಕೈಯಿಂದ ಹಾಳೆ ಕಿತ್ತುಕೊಂಡು ಒಲೆಯ ಹತ್ತಿರ ಹೋದರು. "ಬೇಡ," ಎಂದರು ಮೇಷ್ಟ್ರು. "ಮಿಕ್ಕಿದ್ದೆಲ್ಲ ಸುಡು. ಅದನ್ನ ಎತೆಲ್ಕಾಗೆ ಕೊಡ್ಬೇಕು. ದೆಮೆತೆರ್ ಯಾರು ಅಂತಾನೂ ಹೇಳ್ಬೇಕು."

"ಸಾಯೋ ಕಾಲಕ್ಕೆ ಬುದ್ಧಿ ಕೆಟ್ಟಿದೆ ನಿಮಗೆ!" ಎಂದು ಒತ್ತಿಲಿಯಮ್ಮ ಅ‌ಳತೊಡಗಿದರು. ದೆಜೊ ಹಾಸಿಗೆಯ ಪಕ್ಕ ಮಂಡಿಯೂರಿದ. "ಮೇಷ್ಟ್ರೇ, ಸುಟ್ಟುಬಿಡೋಣ. ಜಗತ್ತಿನಲ್ಲಿ ಇದು ಗೊತ್ತಿರೋದು ನಮ್ಮ ಮೂವರಿಗೆ. ಯಾರಿಗೂ ತಿಳಿಯಲ್ಲ."

"ಅವಳಿಗೂ ತಿಳಿಯಲ್ಲ," ಎಂದರು ಮೇಷ್ಟ್ರು. "ಹದಿನೈದು ವರ್ಷದಿಂದ ಅವಳಿಗೆ ತಿಳಿದಿಲ್ಲ. ನಂಗೆ ನಡೆಯೋಕ್ಕೆ ಆಗಲ್ಲ. ನೀನು ಹೋಗು."

ಸತ್ತವರನ್ನು ನೆನೆಯುವ ನವೆಂಬರ್ ಒಂದಕ್ಕೆ ಮುಂಚಿನ ಶನಿವಾರ. ಊರಿಗೆ ಊರೇ ಸ್ಮಶಾನದಲ್ಲಿ ಸಮಾಧಿ ತೊಳೆಯುತ್ತಿತ್ತು. ಎತೆಲ್ಕಾ ತನ್ನ ತಾಯಿಯ ಕಲ್ಲನ್ನು ಬ್ರಷ್ಷಿನಿಂದ ಉಜ್ಜುತ್ತಿದ್ದಳು. ಮೂವತ್ತಮೂರರ ಹೆಂಗಸು, ಕೂದಲಿಗೆ ಕರವಸ್ತ್ರ, ಕೆಂಪಾದ ಕೈ. ದೆಜೊ ಹಾಳೆಯನ್ನು ಚಾಚಿದ. ಹೇಗೆ ಶುರುಮಾಡಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದು ಒಂದೂ ನೆನಪಾಗಲಿಲ್ಲ.

ಅವಳು ಕೈ ಒರೆಸಿಕೊಂಡು ಓದಿದಳು. ಮೊಟ್ಟೆ ನೋಡಿ ಅಭ್ಯಾಸವಾದವಳಂತೆ ಹಾಳೆಯನ್ನು ಬೆಳಕಿಗೆ ಹಿಡಿದು ಮತ್ತೆ ಓದಿದಳು.

"ಇದಕ್ಕೋಸ್ಕರಾನಾ?"

"ಇದಕ್ಕೋಸ್ಕರಾನೇ."

"ಹಾಗಾದ್ರೆ ನನ್ನ ಕಂಠ..."

"ಕಂಠದ ವಿಷಯ ಅಲ್ಲ. ಕಂಠಕ್ಕೆ ಏನೂ ಆಗಿರ್ಲಿಲ್ಲ."

ಅವಳು ಸಮಾಧಿಯ ಅಂಚಿಗೆ ಕೂತಳು. "ಅಮ್ಮನಿಗೆ ಜೋಗುಳ ಹಾಡೋಕ್ಕೂ ನಾಚ್ಕೊಂಡೆ ನಾನು," ಎಂದಳು. "ಸಾಯೋವಾಗ ಒಂದು ಹಾಡು ಹೇಳೇ ಅಂದ್ಲು. ನಂಗೆ ಬರಲ್ಲ ಅಂದೆ." ದೆಜೊ ಟೋಪಿ ತೆಗೆದು ನಿಂತ. ಅವಳು ತಲೆಯೆತ್ತಿದಳು. "ಈ ದೆಮೆತೆರ್ ಯಾರು?"

ಹೇಳೆಂದು ಮೇಷ್ಟ್ರು ಕಳಿಸಿದ್ದರು. ಚೀಟಿ ಅವನ ಕೋಟಿನ ಜೇಬಿನಲ್ಲೇ ಇತ್ತು. ಸುತ್ತ ಅರ್ಧ ಊರು ಬಕೀಟು ಹಿಡಿದು ಓಡಾಡುತ್ತಿತ್ತು. ಮೇಷ್ಟ್ರ ಪೆಟ್ಟಿಗೆಯ ಹಿಂದೆ ನಡೆಯಬೇಕಾದ ಜನ ಅವರೇ.

"ನಾನೇ," ಎಂದ ದೆಜೊ. "ನಾನೇ ದೆಮೆತೆರ್."

ಎತೆಲ್ಕಾ ಅವನ ಮುಖವನ್ನೇ ನೋಡಿದಳು. "ನೀವು ನನ್ನ ಹಾಡು ಎಲ್ಲಿ ಕೇಳಿದ್ರಿ?"

"ಅದು... ಚರ್ಚಿನಲ್ಲಿ."

"ನಿಮ್ಮ ಕೆಲಸದೋರು ಚರ್ಚಿಗೆ ಕಾಲಿಡೋ ಹಾಗೇ ಇರ್ಲಿಲ್ಲ. ಇಷ್ಟು ವರ್ಷ ಸುಳ್ಳು ಹೇಳಿ ಸಂಬಳ ತಗೊಂಡ್ರಿ, ಒಂದು ಸುಳ್ಳು ನೆಟ್ಟಗೆ ಹೇಳೋಕ್ಕೆ ಬರಲ್ವಲ್ಲ ನಿಮಗೆ!" ಅವಳು ಬೆರಳನ್ನು ಆ ಸಾಲಿನ ಮೇಲಿಟ್ಟಳು. "ವಿಯೆನ್ನಾಗೆ ಹೋಗ್ತೀಯ ಎತೆಲ್ಕಾ, ಬೇಕಾದ್ರೆ ಬರ್ದಿಟ್ಕೋ. ಈ ಪ್ರಪಂಚದಲ್ಲಿ ನಂಗೆ ಆ ಮಾತು ಹೇಳಿದೋರು ಒಬ್ರೇ."

ದೆಜೊ ತಲೆ ತಗ್ಗಿಸಿದ. ಚೀಟಿ ತೋರಿಸುವ ಅಗತ್ಯವೇ ಬರಲಿಲ್ಲ.

"ಅವರು ಹೊಗಳಿದ್ದು," ಎಂದ. "ಬರೆದದ್ದು ನಾನು. ಅದಾದರೂ ನಿಜ. ಈ ಹಾಳೆ ನಿನಗೆ ಕೊಡು ಅಂತ ಅವರೇ ಕಳಿಸಿದ್ದು. ನಾನಾಗಿದ್ರೆ ಸುಡ್ತಿದ್ದೆ."

ಅವಳು ಅಳುತ್ತಾಳೆಂದುಕೊಂಡ. ಅವಳು ಬ್ರಷ್ಷು ಎತ್ತಿಕೊಂಡಳು. "ನೀರಿನ ದೆಜೊ ಅಲ್ವಾ ನೀವು? ಒಂದು ಬಕೀಟು ನೀರು ತನ್ನಿ."

ತಂದ. ಇನ್ನೊಂದು ಎಂದಳು, ಇನ್ನೊಂದು ತಂದ. ಅವಳು ಕಲ್ಲಿನ ಒಂದೊಂದು ಅಕ್ಷರವನ್ನೂ ಉಜ್ಜಿ, ಸೇವಂತಿಗೆ ಇಟ್ಟು, ಕರವಸ್ತ್ರ ಬಿಗಿದು ಕಟ್ಟಿಕೊಂಡಳು. "ಮೇಷ್ಟ್ರು ಎಚ್ಚರವಾಗಿದ್ದಾರಾ?"

"ಕಾಯ್ತಿದ್ದಾರೆ."

ಮೇಷ್ಟ್ರ ಮನೆಯವರೆಗೆ ಅವಳು ಮುಂದೆ, ಅವನು ಹಿಂದೆ. ಬೇಲಿಯ ಬಾಗಿಲಲ್ಲಿ ಅವಳು ತಿರುಗಿದಳು. "ನೀವು ಒಳಗೆ ಬರ್ಬೇಡಿ." ಒತ್ತಿಲಿಯಮ್ಮ ಬಾಗಿಲು ತೆರೆದರು, ಅವಳ ಕೈಯಲ್ಲಿದ್ದ ಹಾಳೆ ನೋಡಿ ಪಕ್ಕಕ್ಕೆ ಸರಿದು ದಾರಿ ಬಿಟ್ಟರು, ಅವನನ್ನು ನೋಡದೆ ಬಾಗಿಲು ಮುಚ್ಚಿದರು.

ಮೇಷ್ಟ್ರಿಗೆ ಉಸಿರಾಡಲು ಗಾಳಿ ಬೇಕೆಂದು ಬೀದಿಯ ಕಡೆಯ ಕಿಟಕಿ ಅರ್ಧ ತೆರೆದಿತ್ತು. ದೆಜೊ ನಿಂತದ್ದು ಅದರ ನೇರ ಕೆಳಗೆ. ಕೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. ಜಾಗ ಆರಿಸುವುದರಲ್ಲಿ ಅವನು ಪಳಗಿದವನು. ಒಳಗೆ ಕುರ್ಚಿ ಎಳೆದ ಸದ್ದಾಯಿತು. ಮೇಷ್ಟ್ರು "ಎತೆಲ್ಕಾ" ಎಂದದ್ದು ಕೇಳಿಸಿತು. ಅವಳು ದೀರ್ಘವಾಗಿ ಉಸಿರೆಳೆದುಕೊಂಡದ್ದೂ ಕೇಳಿಸಿತು. ಜಗತ್ತಿನಲ್ಲಿ ಅವನಿಗಿದ್ದ ಒಬ್ಬನೇ ಗೆಳೆಯನಿಗೆ ಅವಳು ಏನು ಹೇಳುತ್ತಾಳೆಂದು ತಿಳಿಯಲು ಅವನು ಉಳಿದ ಆಯುಸ್ಸನ್ನೇ ಕೊಡುತ್ತಿದ್ದ. ಆದರೂ ಅವನು ಚೀಲವನ್ನು ಹೆಗಲಿಗೇರಿಸಿ ಬೀದಿಗಿಳಿದು ನಡೆದ. ಬಾವಿ ದಾಟಿದ, ಬೇಕರಿ ದಾಟಿದ, ಕೊನೆಯ ಮನೆಯನ್ನೂ ದಾಟಿ ತೀಸಾದ ಏರಿಯ ಮೇಲೆ, ಏನೂ ಕೇಳಿಸದಷ್ಟು ದೂರ ಹೋಗಿ ನಿಂತ. ಅವಳು ಬೈದಳೋ, ಅತ್ತಳೋ, ಹಾಡಿದಳೋ, ಅವನಿಗೆ ಗೊತ್ತಾಗಲೇ ಇಲ್ಲ.